ರೊಕ್ಕೋ ಬೆಟ್ಟದ ಮೀನುದಾರಿ

ಜಪಾನಿನ ಕೋಬೆ ನಗರದಲ್ಲಿ ದಾರಿ ಕೇಳಿದವನಿಗೆ ಉತ್ತರ ದಕ್ಷಿಣಗಳ ಮಾತು ಕಿವಿಗೆ ಬೀಳುವುದು ಅಪೂರ್ವ. ‘ಬೆಟ್ಟದ ಮಗ್ಗುಲಿಗೆ ಹೋಗಿ’, ‘ಕಡಲ ಮಗ್ಗುಲಿಗೆ ತಿರುಗಿ’ ಎಂಬುದೇ ಅಲ್ಲಿಯ ವಾಡಿಕೆ. ದೊಡ್ಡ ಅಂಗಡಿಗಳ ಒಳಗೂ ಈ ಎರಡು ದಿಕ್ಕುಗಳ ಫಲಕಗಳಿವೆಯೆಂದರೆ ಊರಿನ ಸ್ವರೂಪ ಹೇಗಿರಬಹುದೆಂಬುದು ತಾನಾಗಿ ತಿಳಿಯುತ್ತದೆ. ಒಂದು ಕಡೆ ಓಸಾಕಾ ಕೊಲ್ಲಿಯ ನೀಲಿ ನೀರು; ಇನ್ನೊಂದು ಕಡೆ ಮೂಡಣದಿಂದ ಪಡುವಣಕ್ಕೆ ಗೋಡೆಯಂತೆ ಹಬ್ಬಿದ ರೊಕ್ಕೋ ಬೆಟ್ಟಸಾಲು. ಇವೆರಡರ ನಡುವೆ ಸಿಕ್ಕಿದ ಕಿರಿದಾದ ಇಳಿಜಾರು ನೆಲದ ಮೇಲೆ ಮನೆ, ಬಂದರು, ರೈಲುಹಳಿ, ಕಾರ್ಖಾನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಸುಮಾರು 15 ಲಕ್ಷ ಜನರ ಊರು ಇದು. ಇಲ್ಲಿಯ ಮಂದಿಗೆ ಬೆಟ್ಟವೆಂಬುದು ರಜೆಯಲ್ಲಿ ದೂರ ಹೋಗಿ ಕಾಣಬೇಕಾದ ವಸ್ತುವಲ್ಲ. ಹಿತ್ತಲ ಬಾಗಿಲು ತೆರೆದರೆ ಅದೇ ಎದುರು.

ರೊಕ್ಕೋ ಎತ್ತರದಲ್ಲಿ ಹಿರಿದಲ್ಲ. ಅದರ ತುತ್ತತುದಿ 931 ಮೀಟರು ಮಾತ್ರ. ಆದರೆ ಆ ಎತ್ತರವೆಲ್ಲವೂ ಹೆಚ್ಚು ಕಡಮೆ ಕಡಲ ಮಟ್ಟದಿಂದಲೇ ಮೊದಲಾಗುವುದರಿಂದ ಏರುವವನು ಒಂದೊಂದು ಮೀಟರನ್ನೂ ತನ್ನ ಕಾಲಿನಿಂದಲೇ ಸಂಪಾದಿಸಬೇಕು. ಕಡಲ ಕಡೆಯಿಂದ ಹತ್ತಿ, ಶಿಖರವನ್ನು ದಾಟಿ, ಬೆನ್ನ ಹಿಂದಿರುವ ಆರಿಮಾ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಇಳಿಯುವುದು ಒಂದು ದಿನದ ನಡಿಗೆ. ಹನ್ನೆರಡು ಹದಿಮೂರು ಕಿಲೋಮೀಟರಿನ ಈ ದಾರಿಯನ್ನು ಸಾವಧಾನವಾಗಿ ನಡೆಯುವವರು ಬೆಳಗ್ಗೆ ಎಂಟಕ್ಕೆ ಹೊರಟು ಮಧ್ಯಾಹ್ನ ಮೂರರ ಸುಮಾರಿಗೆ ಮುಗಿಸುತ್ತಾರೆ.

ಓಸಾಕಾ, ಕೋಬೆಗಳ ನಡುವೆ ಓಡುವ ಹಾನ್‌ಕ್ಯೂ ರೈಲಿನ ಆಶಿಯಾಗಾವಾ ಎಂಬ ನಿಲ್ದಾಣವೇ ನಡಿಗೆಯ ಮೊದಲು. ಚಿಕ್ಕ ನಿಲ್ದಾಣ, ಆದರೆ ಅದರ ಪ್ಲಾಟ್‌ಫಾರಮು ಆಶಿಯಾ ಹೊಳೆಯ ಮೇಲೆಯೇ ಸೇತುವೆಯಂತೆ ಹಾಯ್ದಿದೆ. ಭಾನುವಾರ ಬೆಳಗ್ಗೆ ಅದರ ಮುಂದಿನ ಬಯಲಿನಲ್ಲಿ ನೋಡಬೇಕು! ಅಗಲ ಅಂಚಿನ ಟೋಪಿ, ಬೆನ್ನ ಮೇಲೆ ಚೀಲ, ಕೈಯಲ್ಲಿ ಕೋಲು ಹಿಡಿದ ಗುಂಪುಗಳು ಕಲೆತು ನಿಂತಿರುತ್ತವೆ. ಅವರಲ್ಲಿ ತರುಣರಿಗಿಂತ ಅರವತ್ತು ದಾಟಿದವರ ಸಂಖ್ಯೆಯೇ ಹೆಚ್ಚೆಂಬುದು ಹೊರಗಿನಿಂದ ಬಂದವರಿಗೆ ಸೋಜಿಗ. ಬುತ್ತಿಯಲ್ಲಿ ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನದ ಉಂಡೆಗಳು, ಉಪ್ಪಿನಲ್ಲಿ ಹಾಕಿದ ಉಮೆ ಹಣ್ಣು, ಸೀಸೆಯಲ್ಲಿ ಚಹ. ಅನ್ನ ಕಟ್ಟಿಕೊಂಡು ಬೆಟ್ಟಕ್ಕೆ ಹೋಗುವ ಜನರೆಂದರೆ ಕನ್ನಡಿಗರಿಗೆ ಅಷ್ಟರಮಟ್ಟಿಗೆ ಅವರು ಪರಕೀಯರಾಗಿ ತೋರಲಾರರು.

ಸಿರಿವಂತರ ಮನೆಗಳ ನಡುವೆ ಅರ್ಧ ಗಂಟೆ ಏರಿದ ಮೇಲೆ ರಸ್ತೆ ಮುಗಿದು, ಎರಡು ಚಹದಂಗಡಿಗಳನ್ನು ಹಾದು, ಕೋಜಾ ಎಂಬ ಜಲಪಾತ ಸಿಕ್ಕುತ್ತದೆ. ಜಲಪಾತವೇನೋ ಸಣ್ಣದು, ಜೋಗವನ್ನು ಕಂಡ ಕಣ್ಣಿಗೆ ಅದು ಕೊಡ ಬಗ್ಗಿಸಿದಂತೆ ಕಾಣಬಹುದು. ಪಕ್ಕದ ಬಂಡೆಯಲ್ಲಿ ಒಬ್ಬನ ಮುಖವನ್ನು ಲೋಹದಲ್ಲಿ ಎರಕ ಹೊಯ್ದು ಕೂರಿಸಿದ್ದಾರೆ. ಆತ ಫುಜಿಕಿ ಕುಜೋ. 1924ರಲ್ಲಿ ಅವನೂ ಅವನ ಗೆಳೆಯರೂ ಸೇರಿ ಬಂಡೆಯೇರುವವರ ಸಂಘವೊಂದನ್ನು ಕಟ್ಟಿ, ಈ ಜಲಪಾತದ ಮೇಲಿನ ಕಡಿದಾದ ಕಲ್ಲುಗಳಲ್ಲಿ ಹಗ್ಗ ಕಟ್ಟಿ ಹತ್ತುವ ವಿದ್ಯೆಯನ್ನು ಅಭ್ಯಾಸ ಮಾಡಿದರು. ಜಪಾನಿನಲ್ಲಿ ಆಧುನಿಕ ರೀತಿಯ ಬಂಡೆಯೇರುವ ಕಲೆ ಹುಟ್ಟಿದ್ದು ಇಲ್ಲಿ ಎಂದು ಹೇಳುತ್ತಾರೆ. ಆ ತಾಣಕ್ಕೆ ‘ರಾಕ್ ಗಾರ್ಡನ್’ ಎಂಬ ಇಂಗ್ಲಿಷ್ ಹೆಸರೇ ಉಳಿದುಬಂದಿದೆ; ಹೂವು ಹುಡುಕಿಕೊಂಡು ಹೋದವನಿಗೆ ನಿರಾಶೆ ತಪ್ಪದು.

ಇಲ್ಲಿಂದ ಮುಂದೆ ಕೈಗಳಿಗೂ ಕೆಲಸ. ದಾರಿ ಏಣಿನ ನೆತ್ತಿಯ ಮೇಲೆ ಕಲ್ಲಿನಿಂದ ಕಲ್ಲಿಗೆ ಹತ್ತುತ್ತದೆ. ಕಾಲ ಕೆಳಗಿನ ನೆಲವನ್ನು ಸ್ವಲ್ಪ ಗಮನಿಸಬೇಕು. ರೊಕ್ಕೋ ಗ್ರಾನೈಟ್ ಕಲ್ಲಿನ ಬೆಟ್ಟ. ಈ ಕಲ್ಲು ಎಷ್ಟು ಹೆಸರಾಯಿತೆಂದರೆ, ಅಡಿಯಲ್ಲಿರುವ ಮಿಕಾಗೆ ಎಂಬ ಊರಿನ ಹೆಸರೇ ಜಪಾನೀ ಭಾಷೆಯಲ್ಲಿ ಗ್ರಾನೈಟಿಗೆಲ್ಲ ಸಾಮಾನ್ಯ ನಾಮವಾಗಿ ನಿಂತಿತು. 1620ರ ದಶಕದಲ್ಲಿ ತೊಕುಗಾವಾ ಪ್ರಭುಗಳು ಓಸಾಕಾ ಕೋಟೆಯನ್ನು ಮತ್ತೆ ಕಟ್ಟಿಸಿದಾಗ ಅದರ ಮಹಾಶಿಲೆಗಳಲ್ಲಿ ಎಷ್ಟೋ ಇಲ್ಲಿಂದ ಹೋದವು. ಕೋಟೆಗೋಡೆಯಲ್ಲಿ ನಾಲ್ಕು ಶತಮಾನ ಅಲುಗದೆ ಕುಳಿತ ಈ ಕಲ್ಲು ಬೆಟ್ಟದ ಮೈಯಲ್ಲಿ ಮಾತ್ರ ಬೇರೆಯೇ ಗುಣದ್ದು. ಬಿಸಿಲು, ಮಳೆ, ಚಳಿಗಳಿಗೆ ಸಿಕ್ಕಿ ಅದು ಸಕ್ಕರೆಯಂತೆ ಹರಳು ಹರಳಾಗಿ ಉದುರುತ್ತದೆ. ಹೀಗೆ ಉದುರಿದ ಬಿಳಿಯ ಮರಳಿಗೆ ಅಲ್ಲಿಯವರು ‘ಮಾಸಾ’ ಎನ್ನುತ್ತಾರೆ. ನೂರಾರು ವರ್ಷ ಹತ್ತಿದವರ ಕಾಲಿಗೆ ಸವೆದು ಏಣಿನ ದಾರಿ ಅಲ್ಲಲ್ಲಿ ಆಳುದ್ದದ ಕಾಲುವೆಯಾಗಿಬಿಟ್ಟಿದೆ. ಬೇರುಗಳು ಎಲ್ಲಿ ಹಿಡಿದಿವೆಯೋ ಅಲ್ಲಿ ಬೆಟ್ಟ ನಿಂತಿದೆ, ಬೇರಿಲ್ಲದಲ್ಲಿ ಜಾರಿದೆ.

ಒಂದೂವರೆ ಗಂಟೆಯ ಏರಿನ ಮೇಲೆ ಕಾಜಾಫುಕಿ ಇವಾ, ಎಂದರೆ ಗಾಳಿ ಬೀಸುವ ಬಂಡೆ. 447 ಮೀಟರು ಎತ್ತರದ ಈ ಕಲ್ಲುಗುಪ್ಪೆಯ ಮೇಲೆ ಕುಳಿತವರಿಗೆ ಕೆಳಗಿನ ಊರುಗಳೂ ಕೊಲ್ಲಿಯ ಹಡಗುಗಳೂ ಓಸಾಕಾದ ಗೋಪುರಗಳೂ ಒಂದೇ ನೋಟಕ್ಕೆ ದೊರೆಯುತ್ತವೆ. ಬುತ್ತಿ ಬಿಚ್ಚಲು ಪ್ರಶಸ್ತವಾದ ಸ್ಥಳ. ಆದರೆ ಬಿಚ್ಚುವವರು ಎಚ್ಚರದಿಂದಿರಬೇಕು. ಇಲ್ಲಿಯ ಕಾಡುಹಂದಿಗಳು ಮನುಷ್ಯರ ಸಲಿಗೆಗೆ ಬಿದ್ದಿವೆ. ಹಿಂದೆ ಮಂದಿ ಮಮತೆಯಿಂದ ಒಂದೆರಡು ತುತ್ತು ಹಾಕಿದರು, ಹಂದಿಗಳು ಮುಂದೆ ಚೀಲವನ್ನೇ ಕಸಿಯುವುದಕ್ಕೆ ಕಲಿತವು, ಬೀದಿಗೂ ಇಳಿದವು. ಕೊನೆಗೆ ಕೋಬೆ ನಗರಸಭೆ 2002ರಲ್ಲಿ ಹಂದಿಗಳ ಹಾವಳಿಯನ್ನು ತಡೆಯುವುದಕ್ಕೆಂದೇ ಕಾಯಿದೆಯೊಂದನ್ನು ಮಾಡಬೇಕಾಯಿತು. ದಯೆಯೂ ಕೆಲವೊಮ್ಮೆ ಕಾಯಿದೆಗೆ ಕಾರಣವಾಗುವುದುಂಟು.

ಈ ಬಂಡೆಯಿಂದ ಕಾಣುವ ಹಸುರು ಇಳಿಜಾರನ್ನು ನೋಡಿ ಇದು ಆದಿಕಾಲದ ಅರಣ್ಯವೆಂದು ಭಾವಿಸಿದರೆ ಅದು ಕೇವಲ ಭ್ರಮೆ. 1881ರಲ್ಲಿ ಮಾಕಿನೋ ತೊಮಿತಾರೋ ಎಂಬ ತರುಣ ತನ್ನ ಊರಾದ ಕೋಚಿಯಿಂದ ಹಡಗಿನಲ್ಲಿ ಕೋಬೆಗೆ ಬಂದ. ಮುಂದೆ ಜಪಾನಿನ ಸಸ್ಯಶಾಸ್ತ್ರದ ಪಿತಾಮಹನೆಂದು ಹೆಸರಾದವನು ಈತನೇ. ಹಡಗಿನ ಮೇಲಿಂದ ಕಂಡ ರೊಕ್ಕೋ ಬೆಟ್ಟ ಬೆಳ್ಳಗಿತ್ತು. ಹಿಮ ಬಿದ್ದಿದೆಯೆಂದು ಅವನು ತಿಳಿದ. ಬಳಿಗೆ ಬಂದಾಗ ಅದು ಹಿಮವಲ್ಲ, ಮರಗಿಡಗಳಿಲ್ಲದ ಬರಿಯ ಮಣ್ಣು ಎಂದು ತಿಳಿಯಿತು. ಶತಮಾನಗಳಿಂದ ಕಲ್ಲಿಗಾಗಿ, ಸೌದೆಗಾಗಿ ಬೆಟ್ಟವನ್ನು ಸುಲಿದದ್ದರ ಫಲ ಅದು. ಒಂದು ಎಲೆಯನ್ನು ಕಂಡು ಗಿಡದ ಕುಲಗೋತ್ರ ಹೇಳಬಲ್ಲವನ ಕಣ್ಣಿಗೆ ಮೊದಲು ಬಿದ್ದದ್ದು ಎಲೆಯೇ ಇಲ್ಲದ ಬೆಟ್ಟ!

ಬೆಟ್ಟಕ್ಕೆ ಹಸುರು ಮರಳಿ ಬಂದದ್ದು ನೀರಿನ ನೆಪದಿಂದ. 1900ರಲ್ಲಿ ಕೋಬೆ ಬೆಟ್ಟದ ತೊರೆಗೆ ನುನೊಬಿಕಿ ಎಂಬಲ್ಲಿ ಕಾಂಕ್ರೀಟಿನ ಅಣೆಕಟ್ಟನ್ನು ಕಟ್ಟಿ ಊರಿಗೆ ನಲ್ಲಿಯ ನೀರನ್ನು ತಂದಿತು. ದೂರ ಪ್ರಯಾಣದಲ್ಲಿಯೂ ಕೆಡದ ನೀರೆಂದು ಅದು ನಾವಿಕರಲ್ಲಿ ಹೆಸರು ಪಡೆಯಿತು. ಆದರೆ ಬೋಳುಬೆಟ್ಟದಿಂದ ಇಳಿವ ಮರಳು ಜಲಾಶಯವನ್ನು ತುಂಬಿಬಿಟ್ಟರೆ ಗತಿಯೇನು? ಹೊಂಡಾ ಸೇರೋಕು ಎಂಬ ಅರಣ್ಯಶಾಸ್ತ್ರಜ್ಞನ ಸಲಹೆಯನ್ನು ಪಡೆದು, 1902ರಲ್ಲಿ ನಗರಸಭೆ ಗಿಡ ನೆಡುವ ಕೆಲಸಕ್ಕೆ ಕೈಹಾಕಿತು. ನಿಲ್ಲಲು ನೆಲೆಯಿಲ್ಲದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮಣ್ಣು ಜಾರದಂತೆ ಹುಲ್ಲು ಹೂಳಿ, ಪೈನ್ ಸಸಿಗಳನ್ನೂ, ಬಡ ಮಣ್ಣಿಗೆ ತಾನೇ ಸಾರ ಕೂಡಿಸಬಲ್ಲ ಆಲ್ಡರ್ ಜಾತಿಯ ಗಿಡಗಳನ್ನೂ ನೆಟ್ಟರು. ಇಂದು ನಡೆಯುವವರ ತಲೆಯ ಮೇಲಿನ ನೆರಳು ಹೀಗೆ ಕೈಯಿಂದ ನೆಟ್ಟು ಬಂದ ನೆರಳು.

ಗಾಳಿಬಂಡೆಯಲ್ಲಿ ಈ ನಡಿಗೆಯನ್ನು ಕೂಡಿಕೊಳ್ಳುವ ಇನ್ನೊಂದು ದಾರಿಯುಂಟು. ಅದರ ಹೆಸರು ತೊತೊಯಾಮಿಚಿ. ಮೀನು ಮಾರುವವರ ಹಾದಿ ಎಂದು ಅರ್ಥ. ಕಡಲಂಚಿನ ಫುಕಾಯೆ ಎಂಬ ಹಳ್ಳಿಯಿಂದ ಬೆಟ್ಟವನ್ನು ಅಡ್ಡಲಾಗಿ ದಾಟಿ ಆರಿಮಾಕ್ಕೆ ಹೋಗಲು ಇದಕ್ಕಿಂತ ಹತ್ತಿರದ ದಾರಿ ಇರಲಿಲ್ಲ. ಬುಗ್ಗೆಯ ಊರಿನಲ್ಲಿ ಬಂದಿಳಿದ ಶ್ರೀಮಂತರ ಊಟಕ್ಕೆ ಹಸಿಮೀನು ಬೇಕು, ಬರ್ಫವಿಲ್ಲದ ಕಾಲ, ಹೊತ್ತವನ ಕಾಲಿನ ವೇಗವೇ ಮೀನಿನ ಆಯುಷ್ಯ. ಸುತ್ತುಹಾದಿಯ ರಾಜಮಾರ್ಗವೊಂದಿತ್ತು. ಆ ಮಾರ್ಗದ ಬಿಡಾರದ ಊರುಗಳಿಗೆ ಬರುವವರ ಬಾಡಿಗೆಯೇ ಜೀವನ. ಹೊರೆಗಳೂ ಯಾತ್ರಿಕರೂ ಬೆಟ್ಟದ ಒಳದಾರಿ ಹಿಡಿದರೆ ತಮ್ಮ ಹೊಟ್ಟೆಗೆ ಕಲ್ಲು ಬೀಳುವುದೆಂದು ಆ ಊರುಗಳವರು ಸರ್ಕಾರಕ್ಕೆ ದೂರಿತ್ತರು. ಒಳದಾರಿಯ ಸಂಚಾರಕ್ಕೆ ನಿಷೇಧವೂ ಬಂತು. ಆದರೂ ಮೀನಿನವರು ನಡೆದರು. ವ್ಯಾಜ್ಯದಲ್ಲಿ ಯಾರ ಪಕ್ಷ ನ್ಯಾಯವಾದುದೆಂದು ಇಂದು ಹೇಳುವುದು ಕಷ್ಟ. ಎರಡು ಕಡೆಯೂ ಅನ್ನದ ಪ್ರಶ್ನೆಯೇ ಇತ್ತು. ಒಂದು ಸಂಗತಿ ಮಾತ್ರ ಕಣ್ಣಿಗೆ ಕಾಣುತ್ತದೆ: ನಿಷೇಧಿಸಿದ ಹಾದಿ ಬೆಟ್ಟದ ಮೇಲೆ ಇಂದಿಗೂ ಇದೆ.

ಹಾದಿ ಮುಂದೆ ಗಾಲ್ಫ್ ಮೈದಾನವೊಂದರ ನಡುವೆಯೇ ಹಾಯುತ್ತದೆ. ಹಂದಿಗಳು ನುಗ್ಗದಂತೆ ಹಾಕಿದ ತಂತಿಯ ಬಾಗಿಲನ್ನು ತೆಗೆದು, ದಾಟಿ, ಮತ್ತೆ ಮುಚ್ಚಿ ಹೋಗಬೇಕು. ಈ ಆಟವನ್ನು ಜಪಾನಿಗೆ ತಂದ ಕೀರ್ತಿಯೂ ಇದೇ ಬೆಟ್ಟದ್ದು. ಆರ್ಥರ್ ಹೆಸ್ಕೆತ್ ಗ್ರೂಮ್ ಎಂಬ ಆಂಗ್ಲ ವರ್ತಕ 1895ರಲ್ಲಿ ಬೆಟ್ಟದ ಮೇಲೆ ಬೇಸಗೆಯ ಮನೆಯನ್ನು ಕಟ್ಟಿಸಿದ. ಗೆಳೆಯರು ಬಂದರು. ಗೆಳೆಯರಿಗೆ ಕಾಲಕ್ಷೇಪ ಬೇಕಾಯಿತು. 1903ರಲ್ಲಿ ಸ್ಥಾಪನೆಯಾದ ಅವರ ಕೋಬೆ ಗಾಲ್ಫ್ ಕ್ಲಬ್ಬು ಆ ದೇಶದ ಮೊಟ್ಟಮೊದಲನೆಯದು.

‘ಮಳೆಯ ಕಣಿವೆ’ ಎಂಬ ಅರ್ಥದ ಆಮಾಗತೋಗೆಯನ್ನು ಮುಟ್ಟಿದ ಮೇಲೆ ದಾರಿ ಒಮ್ಮೆ ಇಳಿದು ಸುಮಿಯೋಶಿ ಹೊಳೆಯ ಮೇಲ್ದಂಡೆಗೆ ಬರುತ್ತದೆ. ನೀರು ಮೊಣಕಾಲಿಗೂ ಬಾರದು. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಮಕ್ಕಳೂ ದಾಟುತ್ತಾರೆ. ಇಂಥ ಬಡ ತೊರೆಗೆ ಅಡ್ಡಲಾಗಿ ಏಕೆ ಇಷ್ಟು ದಪ್ಪನೆಯ ಗೋಡೆಗಳನ್ನು ಕಟ್ಟಿದ್ದಾರೆಂದು ಹೊಸಬನು ಬೆರಗಾಗಬಹುದು. ಸಾಬೋ ಎಂದು ಕರೆಯುವ ಈ ಗೋಡೆಗಳು ನೀರು ನಿಲ್ಲಿಸುವುದಕ್ಕಲ್ಲ. ಬೆಟ್ಟವೇ ಕೆಳಗಿಳಿದು ಬಾರದಂತೆ ತಡೆಯುವುದಕ್ಕೆ.

1938ರ ಜುಲೈ 3ರಿಂದ 5ರವರೆಗೆ ಈ ಬೆಟ್ಟದ ಮೇಲೆ ಎಡೆಬಿಡದೆ ಮಳೆ ಸುರಿಯಿತು. ಮೂರು ದಿನಗಳ ಮಳೆ 400 ಮಿಲಿಮೀಟರನ್ನು ಮೀರಿತು. ನಮ್ಮ ಆಗುಂಬೆಯವರು ಈ ಅಂಕಿಗೆ ಹುಬ್ಬೇರಿಸಲಾರರು. ಆದರೆ ಆಗುಂಬೆಯ ಕೆಳಗೆ ಮಹಾನಗರವಿಲ್ಲ, ಮೇಲೆ ಸಡಿಲು ಮರಳಿನ ಬೆಟ್ಟವಿಲ್ಲ. ಐದನೆಯ ತಾರೀಖಿನ ದಿನ ಇಳಿಜಾರುಗಳು ಒಂದರ ಮೇಲೊಂದು ಕುಸಿದವು. ಬಂಡೆಗಳನ್ನೂ ಬುಡಸಹಿತ ಕಿತ್ತ ಮರಗಳನ್ನೂ ಹೊತ್ತು ತೊರೆಗಳೆಲ್ಲ ಊರಿಗೆ ನುಗ್ಗಿದವು. ಕೋಬೆಯ ನಡುವೆ ಹರಿವ ಇಕುತಾ ಹೊಳೆಯನ್ನು ಕೆಲವೇ ವರ್ಷಗಳ ಹಿಂದೆ ಕಾಂಕ್ರೀಟಿನಿಂದ ಮುಚ್ಚಿ ಅದರ ಮೇಲೆ ರಸ್ತೆ ಮಾಡಿದ್ದರು. ತೇಲಿ ಬಂದ ಮರಗಳು ಆ ಸುರಂಗದ ಬಾಯಿಗೆ ಬಿರಡೆಯಂತೆ ಸಿಕ್ಕಿಕೊಂಡವು. ನೀರು ಮೇಲೆದ್ದು, ಹಿಂದಿನ ಶತಮಾನದಲ್ಲಿ ಮನುಷ್ಯರು ತಪ್ಪಿಸಿದ್ದ ತನ್ನ ಹಳೆಯ ಪಾತ್ರವನ್ನೇ ಹುಡುಕಿ, ಪೇಟೆಯ ನಟ್ಟನಡುವೆ ಹರಿಯಿತು. ಆರು ನೂರಕ್ಕೂ ಮೀರಿ ಜನ ಸತ್ತರು.

ಆ ಕಾಲದಲ್ಲಿ ಇದೇ ಸುಮಿಯೋಶಿ ಹೊಳೆಯ ದಂಡೆಯ ಮನೆಯಲ್ಲಿ ಕಾದಂಬರಿಕಾರ ತಾನಿಜಾಕಿ ಜುನ್‌ಇಚಿರೋ ವಾಸವಾಗಿದ್ದನು. ನಾಲ್ವರು ಅಕ್ಕತಂಗಿಯರ ಕತೆಯಾದ ಅವನ ‘ಸಾಸಾಮೆಯುಕಿ’ಯಲ್ಲಿ ಈ ಪ್ರವಾಹ ವಿಸ್ತಾರವಾಗಿ ಬಂದಿದೆ. ವರಾನ್ವೇಷಣೆ, ಉಡುಗೆ, ಹೂ ನೋಡುವ ವಿಹಾರಗಳಲ್ಲಿ ಮೆಲ್ಲಗೆ ಸಾಗುವ ಆ ಮನೆತನದ ಕತೆಯಲ್ಲಿ ಒಮ್ಮೆಗೇ ಕೆಸರುನೀರು ನುಗ್ಗುವ ಭಾಗವನ್ನು ಓದಿದವರು ಮರೆಯಲಾರರು.

ಆ ವರ್ಷವೇ ಸರ್ಕಾರ ಸಾಬೋ ಗೋಡೆಗಳ ಕೆಲಸವನ್ನು ತಾನೇ ವಹಿಸಿಕೊಂಡಿತು. ಅಂದಿನಿಂದ ತೊರೆತೊರೆಗೂ ಒಂದರ ಮೇಲೊಂದರಂತೆ ನೂರಾರು ಗೋಡೆಗಳು ಎದ್ದಿವೆ. 1967ರ ಜುಲೈನಲ್ಲಿ ಮತ್ತೆ ಅಂಥದೇ ಮಳೆ ಬಂದಾಗಲೂ ಸಾವು ನೋವು ತಪ್ಪಲಿಲ್ಲ; ಆದರೆ ಸತ್ತವರ ಸಂಖ್ಯೆ ಹಿಂದಿನದಕ್ಕಿಂತ ಬಹಳ ಕಡಮೆಯಾಗಿತ್ತು. ನೋಟಕ್ಕೆ ಈ ಗೋಡೆಗಳು ಚೆಲುವಲ್ಲ. ಕಾಡಿನ ತೊರೆಯಲ್ಲಿ ಬೂದುಬಣ್ಣದ ಕಾಂಕ್ರೀಟು ಕಣ್ಣಿಗೆ ಚುಚ್ಚುತ್ತದೆ. ಹೀಗೆಂದು ಗೊಣಗುವ ಪ್ರವಾಸಿಗಳಿದ್ದಾರೆ. ಅವರು ಸಂಜೆ ಮಲಗುವುದು ಆ ತೊರೆಯ ಕೆಳಗಿನ ಮನೆಯಲ್ಲಲ್ಲ.

ಮಳೆಯೊಂದೇ ಶತ್ರುವಲ್ಲ. ಬೆಟ್ಟವನ್ನು ಎತ್ತಿ ನಿಲ್ಲಿಸಿದ ಶಕ್ತಿಯೇ ಅದರ ಬುಡದಲ್ಲಿ ಬಿರುಕಾಗಿ ಹುದುಗಿದೆ. 1995ರ ಜನವರಿ 17ರ ಬೆಳಗಿನ 5 ಗಂಟೆ 46 ನಿಮಿಷಕ್ಕೆ ನೆಲ ನಡುಗಿತು. ಆ ಭೂಕಂಪದಲ್ಲಿ ಸತ್ತವರು 6,434 ಮಂದಿ. ರೊಕ್ಕೋ ಆಗ ಸುಮಾರು 12 ಸೆಂಟಿಮೀಟರು ಮೇಲೇರಿತೆಂದು ಅಳತೆ ಮಾಡಿದವರು ಹೇಳಿದರು. ಬೆಟ್ಟ ಗೇಣಿನ ಅರ್ಧದಷ್ಟು ಬೆಳೆಯಬೇಕಾದರೆ ಊರು ತೆತ್ತ ಬೆಲೆ ಅದು! ಕಂಪದಿಂದ ಇಳಿಜಾರುಗಳು ಇನ್ನಷ್ಟು ಸಡಿಲವಾದವು. ಆ ಬಳಿಕ ಊರಿನ ಮೇಲಂಚಿನುದ್ದಕ್ಕೂ ಮನೆಗಳು ಇನ್ನು ಮೇಲೆ ಹತ್ತದಂತೆ ಕಾಡಿನ ಪಟ್ಟಿಯೊಂದನ್ನು ಕಾಯ್ದಿಡುವ ಯೋಜನೆ ನಡೆಯುತ್ತಿದೆ. ನೆಟ್ಟು ಬಿಟ್ಟರೆ ಕಾಡು ತಾನೇ ಬೆಳೆದೀತೆಂಬ ನಂಬಿಕೆಯೂ ಹೋಗಿದೆ. ಮರಗಳು ಒತ್ತಾಗಿ ಬೆಳೆದು ನೆಲಕ್ಕೆ ಬಿಸಿಲು ಬೀಳದಿದ್ದರೆ ಕೆಳಗಿನ ಹುಲ್ಲುಗಿಡ ಸತ್ತು ಮಣ್ಣು ಮತ್ತೆ ಬೆತ್ತಲಾಗುತ್ತದೆ. ಆದ್ದರಿಂದ ಒಂದು ಕಾಲದಲ್ಲಿ ಗಿಡ ನೆಟ್ಟವರ ಮೊಮ್ಮಕ್ಕಳು ಈಗ ಅದೇ ಬೆಟ್ಟದಲ್ಲಿ ಅಲ್ಲಲ್ಲಿ ಮರ ಕಡಿಯುತ್ತಾರೆ.

ಹೊಳೆಯನ್ನು ದಾಟಿದ ಮೇಲೆ ‘ಏಳು ತಿರುವು’ ಎಂಬ ಏರು. ತಿರುವುಗಳು ಏಳೇ ಎಂದು ನಂಬಿದವರು ಎಂಟನೆಯದರಲ್ಲಿ ನಿಟ್ಟುಸಿರು ಬಿಡುತ್ತಾರೆ. ಅದು ಮುಗಿದೊಡನೆ ಮೋಟಾರು ರಸ್ತೆ, ಅದರ ಮಗ್ಗುಲಿಗೆ ಹಳೆಯ ಇಕ್ಕೆನ್ ಜಾಯಾ, ಎಂದರೆ ‘ಒಂಟಿ ಚಹದ ಮನೆ’. ಬೆವರಿಳಿಸಿ ಬಂದವರೂ ಕಾರಿನಲ್ಲಿ ಬಂದವರೂ ಒಂದೇ ಬೆಂಚಿನ ಮೇಲೆ ಬಿಸಿ ಬಿಸಿ ತಿಂಡಿಗೆ ಕಾಯುತ್ತಾರೆ. ಶಿಖರ ಅಲ್ಲಿಂದ ಕೆಲವೇ ನಿಮಿಷ.

ಶಿಖರದಿಂದ ಎರಡೂ ಕಡೆಗೆ ಬೆಟ್ಟದ ಬೆನ್ನು ಹಬ್ಬಿದೆ. ಪಡುವಣದ ಸುಮಾ ಕಡಲತೀರದಿಂದ ಮೂಡಣದ ತಕಾರಾಜುಕಾದವರೆಗೆ ಈ ಬೆನ್ನಿನ ಮೇಲೆಯೇ ಐವತ್ತು ಕಿಲೋಮೀಟರಿನ ಆಸುಪಾಸಿನ ಹಾದಿಯುಂಟು. ಕೋಬೆಯ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದ ಕಾತೋ ಬುನ್‌ತಾರೋ ಎಂಬವನು ಈ ಹಾದಿಯನ್ನು ಪೂರ್ತಿ ನಡೆದು, ಸಾಲದೆಂದು ಕೆಳಗಿನ ಊರುಗಳ ಮೂಲಕ ಕಾಲ್ನಡಿಗೆಯಲ್ಲೇ ಅದೇ ದಿನ ಮನೆಗೆ ಮರಳಿದನಂತೆ. ಶ್ರೀಮಂತರ ಹವ್ಯಾಸವಾಗಿದ್ದ ಪರ್ವತಾರೋಹಣದಲ್ಲಿ ಮಾರ್ಗದರ್ಶಿಯಿಲ್ಲದೆ ಒಬ್ಬನೇ ನಡೆದ ಈ ಕಾರ್ಮಿಕ ಒಂದು ದಂತಕತೆಯೇ ಆದ. 1936ರ ಜನವರಿಯಲ್ಲಿ ಜಪಾನೀ ಆಲ್ಪ್ಸಿನ ಹಿಮದಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತು ವರ್ಷ. ವಿಧಿಯಾಟವೆಂದರೆ, ಆ ಕೊನೆಯ ಸಲ ಅವನೊಡನೆ ಜೊತೆಗಾರನೊಬ್ಬನಿದ್ದ.

ಅದೇ ಏಣಿನ ಪಡುವಣ ಭಾಗದಲ್ಲಿ ಭಾರತೀಯರ ಕಿವಿ ನಿಮಿರುವಂಥ ಹೆಸರೊಂದಿದೆ: ಮಾಯಾ ಬೆಟ್ಟ. ಅದು ಬುದ್ಧನ ತಾಯಿ ಮಾಯಾದೇವಿಯ ಹೆಸರು. 702 ಮೀಟರಿನ ಆ ಬೆಟ್ಟದ ತೆಂಜೋಜಿ ದೇವಾಲಯವನ್ನು ಹೋದೋ ಎಂಬ ಸಿದ್ಧಪುರುಷ 646ರಲ್ಲಿ ಸ್ಥಾಪಿಸಿದನೆಂದು ಪ್ರತೀತಿ. ಆತ ಭಾರತದಿಂದ ನೇರಿಳೆ ಬಣ್ಣದ ಮೋಡವನ್ನೇರಿ ಬಂದವನೆಂದು ಕತೆ ಹೇಳುತ್ತದೆ. ಸುಖಪ್ರಸವಕ್ಕಾಗಿ ಹೆಂಗಸರು ಅಲ್ಲಿಗೆ ಹರಕೆ ಹೊತ್ತು ಹೋಗುತ್ತಾರೆ. 1976ರಲ್ಲಿ ದುಷ್ಕರ್ಮಿಯೊಬ್ಬನಿಟ್ಟ ಬೆಂಕಿಗೆ ಹಳೆಯ ಗುಡಿ ಸುಟ್ಟುಹೋಗಿ, ಈಗ ಸ್ವಲ್ಪ ಉತ್ತರಕ್ಕೆ ಹೊಸದು ನಿಂತಿದೆ. ಮೋಡವನ್ನೇರದೆ ಹಡಗನ್ನೇರಿ ಬಂದ ಭಾರತೀಯರೂ ಕೋಬೆಯಲ್ಲಿದ್ದಾರೆ. 1923ರ ಭೂಕಂಪದಲ್ಲಿ ಯೊಕೊಹಾಮಾ ನಾಶವಾದಾಗ ಅಲ್ಲಿದ್ದ ಸಿಂಧಿ ವರ್ತಕರನೇಕರು ಇಲ್ಲಿಗೆ ಬಂದು ನೆಲಸಿದರು. ಬೆಟ್ಟದ ಬುಡದ ಕಿತಾನೋ ಬಡಾವಣೆಯಲ್ಲಿ ಅಮೃತಶಿಲೆಯ ಜೈನ ಬಸದಿಯೊಂದು 1985ರಿಂದ ಇದೆ.

ಆ ಕಿತಾನೋದಲ್ಲಿದ್ದ ಪರದೇಶದ ವರ್ತಕರೇ ಮೇಜಿ ಕಾಲದಲ್ಲಿ ನಗರದವರಿಗೆ ಒಂದು ಚಟ ಕಲಿಸಿದರು. ಬೆಳಗ್ಗೆ ಕಚೇರಿಗೆ ಮುಂಚೆ ಹಿಂದಿನ ಗುಡ್ಡವನ್ನು ಹತ್ತಿ, ಚಹದಂಗಡಿಯ ಪುಸ್ತಕದಲ್ಲಿ ಸಹಿ ಹಾಕಿ, ಇಳಿದು ಬರುವುದು. ಜಪಾನೀಯರು ಅದನ್ನು ‘ದಿನಂಪ್ರತಿ ಬೆಟ್ಟ’ವೆಂದು ಕರೆದು ವ್ರತದಂತೆ ಹಿಡಿದರು. ಹತ್ತು ಸಾವಿರ ಸಲ ಹತ್ತಿದವರೂ ಇದ್ದಾರೆ. ಒಂದು ದಿನವೂ ತಪ್ಪದೆ ಹತ್ತಿದರೂ ಅದಕ್ಕೆ ಇಪ್ಪತ್ತೇಳು ವರ್ಷಗಳಿಗೆ ಮೀರಿ ಬೇಕು.

ಶಿಖರದಿಂದ ಆರಿಮಾಕ್ಕೆ ಇಳಿವ ದಾರಿ ಮತ್ತೆ ಮೀನಿನವರದೇ. ಉತ್ತರದ ಮಗ್ಗುಲು ತಂಪು; ಕಡಲ ಗಾಳಿ ಇಲ್ಲ; ಮರಗಳೂ ಬೇರೆ. ಒಂದೂವರೆ ಗಂಟೆಯ ನಯವಾದ ಇಳಿತದಲ್ಲಿ ಮಾತು ಮರಳಿ ಬರುತ್ತದೆ, ಮೊಣಕಾಲು ಮಾತ್ರ ದೂರುತ್ತದೆ.

ಆರಿಮಾ ಬಹು ಹಳೆಯ ಊರು. 631ರಲ್ಲಿ ಚಕ್ರವರ್ತಿ ಜೋಮೆ ಇಲ್ಲಿಗೆ ಬಂದನೆಂದು ಜಪಾನಿನ ಪ್ರಾಚೀನ ಇತಿಹಾಸಗ್ರಂಥದಲ್ಲಿದೆ. ಸಾಮಾನ್ಯನ ಮಗನಾಗಿ ಹುಟ್ಟಿ ದೇಶವನ್ನೇ ಆಳಿದ ಹಿದೆಯೋಶಿ ಈ ನೀರಿಗೆ ಮಾರುಹೋಗಿ ಮತ್ತೆ ಮತ್ತೆ ಬರುತ್ತಿದ್ದ. ಹತ್ತಿರದಲ್ಲೆಲ್ಲಿಯೂ ಅಗ್ನಿಪರ್ವತವಿಲ್ಲ. ಆದರೂ ನೀರು ಕುದಿಯುವಷ್ಟು ಬಿಸಿ. ಕಡಲತಳದ ಶಿಲಾಫಲಕವೊಂದು ಜಪಾನಿನ ಅಡಿಗೆ ತೂರಿಹೋಗುವಾಗ ಅದರಿಂದ ಹಿಂಡಿ ಬಂದ ನೀರೇ ಬಿರುಕುಗಳ ಮೂಲಕ ಇಲ್ಲಿ ಮೇಲೇಳುತ್ತದೆಂದು ವಿಜ್ಞಾನಿಗಳ ಅಭಿಪ್ರಾಯ. ಹೊರಬರುವಾಗ ತಿಳಿ, ಗಾಳಿ ಸೋಕಿದೊಡನೆ ಅದರಲ್ಲಿಯ ಕಬ್ಬಿಣ ತುಕ್ಕಾಗಿ ಕಾವಿಯ ಬಣ್ಣಕ್ಕೆ ತಿರುಗುತ್ತದೆ. ಊರಿನವರು ಇದಕ್ಕೆ ‘ಹೊನ್ನಿನ ನೀರು’ ಎನ್ನುತ್ತಾರೆ. ನಾಲಗೆಗೆ ಕಡಲಿಗಿಂತ ಉಪ್ಪು. ಬಣ್ಣವಿಲ್ಲದ ಇನ್ನೊಂದು ಬಗೆಯ ಬುಗ್ಗೆಗೆ ‘ಬೆಳ್ಳಿಯ ನೀರು’ ಎಂದು ಹೆಸರು.

ಸಾರ್ವಜನಿಕ ಸ್ನಾನಗೃಹದಲ್ಲಿ ಮೈತೊಳೆದುಕೊಂಡ ಮೇಲೆಯೇ ಕೊಳಕ್ಕಿಳಿಯಬೇಕು. ಬಟ್ಟೆಯ ನಂಟು ಬಾಗಿಲಲ್ಲೇ ಮುಗಿಯಬೇಕು. ಸಂಕೋಚದ ಸ್ವಭಾವದವರಿಗೆ ಹೊರಗೆ ಬೀದಿಯಂಚಿನಲ್ಲಿಯೇ ಕಾಲು ಅದ್ದುವ ತೊಟ್ಟಿಯುಂಟು. ಕಾಸು ಕೊಡಬೇಕಾಗಿಲ್ಲ. ಬೆಳಗ್ಗೆ ನಿಲ್ದಾಣದಲ್ಲಿ ಬೇರೆ ಬೇರೆ ಗುಂಪುಗಳಾಗಿದ್ದವರು ಮಧ್ಯಾಹ್ನ ಇಲ್ಲಿ ಬೂಟು ಬಿಚ್ಚಿ, ಪರಾಂಬರಿಸದೆ ಒತ್ತಿಕೊಂಡು ಸಾಲಾಗಿ ಕೂರುತ್ತಾರೆ. ಕೆಂಪು ನೀರಿನಲ್ಲಿ ಯಾರ ಕಾಲು ಯಾರದೆಂದು ಕಾಣುವುದಿಲ್ಲ. ಬಿಳಿಯ ಕೈವಸ್ತ್ರ ತಂದವರು ಅದು ಕಾವಿಯಾದುದನ್ನು ಹಿಂಡಿ ನೋಡುತ್ತಾ, ಕೋಬೆಗೆ ಮರಳುವ ಬಸ್ಸಿನ ವೇಳೆಯನ್ನು ಪಕ್ಕದವರಲ್ಲಿ ವಿಚಾರಿಸುತ್ತಾರೆ. ಬಸ್ಸಿಗೆ ಬೆಟ್ಟ ಹತ್ತುವ ಕಷ್ಟವಿಲ್ಲ. ಸುರಂಗದೊಳಗೆ ಹೊಕ್ಕು ಅರ್ಧ ಗಂಟೆಯ ಸುಮಾರಿಗೆ ಕಡಲ ಮಗ್ಗುಲಿಗೆ ಇಳಿಸಿಬಿಡುತ್ತದೆ.